ಮಂಗಳೂರಿನಿಂದ ವಾಪಸ್ ಕಳಿಸಿದ ಸಿಸ್ಟರ್

ಪ್ರಶ್ನೆ: ನನ್ನ ಮಗಳಿಗೆ ಈ ವರ್ಷ ದೃಢೀಕರಣ ಸಂಸ್ಕಾರ ಇದೆ. ಅದರಲ್ಲಿ ಸಂತರೊಬ್ಬರ ಹೆಸರು ಇಟ್ಟುಕೊಳ್ಳುತ್ತಾರಲ್ಲ, ಅದಕ್ಕೆ ಸಂತ ಮರಿಯಮ್ ಬವಾರ್ದಿ ಅವರ ಹೆಸರು ಬೇಕು ಅಂತ ಹಟ ಹಿಡಿದಿದ್ದಾಳೆ. ಶಾಲೆಯಲ್ಲಿ ಸಿಸ್ಟರ್ ಒಬ್ಬರು ಆ ಕಥೆ ಹೇಳಿದ್ದರಂತೆ. ನಮ್ಮ ಅತ್ತೆ ಮಂಗಳೂರಿನವರು, ಅವರು ಸುತಾರಾಂ ಒಪ್ಪುತ್ತಿಲ್ಲ. "ಅವಳ ಮೈಮೇಲೆ ದೆವ್ವ ಬರ್ತಿತ್ತು, ಬಿಷಪ್ಪೇ ಇಲ್ಲಿಂದ ಓಡಿಸಿದ್ರು ಅಂತ ನಮ್ಮ ಹಿರಿಯರು ಹೇಳ್ತಿದ್ರು" ಅನ್ನುತ್ತಾರೆ. ಇದು ನಿಜವಾ? ನಿಜವಾದರೆ ಅವರು ಸಂತರಾದದ್ದು ಹೇಗೆ? ನನಗಂತೂ ಅವರಿಗೆ ಏನೋ ಮಾನಸಿಕ ಕಾಯಿಲೆ ಇದ್ದಿರಬೇಕು ಅನ್ನಿಸುತ್ತೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಅತ್ತೆ ಹೇಳುವ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1870ರಿಂದ 1872ರವರೆಗೆ ಮರಿಯಮ್ ಮಂಗಳೂರಿನಲ್ಲಿ ಇದ್ದಳು. ಅವಳನ್ನು ದೆವ್ವ ಕಾಡುತ್ತಿದೆ ಅಂತ ಮಠದೊಳಗೇ ಮಾತು ಹುಟ್ಟಿತು. ಬಿಷಪ್ಪರಿಗೂ ಅನುಮಾನ ಬಂತು. ಕೊನೆಗೆ ಅವಳನ್ನು ಫ್ರಾನ್ಸಿಗೆ ವಾಪಸ್ ಕಳಿಸಿದರು. ಇಷ್ಟೂ ನಿಜ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರೆ ಆ ಹುಡುಗಿಗೆ ಎರಡನೇ ಸಲ ಅನ್ಯಾಯ ಮಾಡಿದಂತಾಗುತ್ತೆ. ಚರ್ಚಿನ ಚರಿತ್ರೆಯ ಪಾಠ ಹೇಳುವಾಗೆಲ್ಲ ನಾನು ಅವಳ ವಿಷಯಕ್ಕೆ ಸ್ವಲ್ಪ ಜಾಸ್ತಿಯೇ ಸಮಯ ತಗೊಳ್ಳುತ್ತೇನೆ. ನಮ್ಮ ಕರಾವಳಿಯ ನೆಲದ ಮೇಲೆ ಓಡಾಡಿದ ಸಂತಳು ಅವಳು. ಅವಳ ಬಗ್ಗೆ ನಮಗೆ ಉಳಿದಿರುವುದು ಬರೀ ಈ ಒಂದು ಗುಸುಗುಸು ಅಂದರೆ ಬೇಜಾರಾಗುತ್ತೆ. (ಅವಳು ಅಂತ ಬರೆಯುತ್ತಿರುವುದು ಸಲಿಗೆಯಿಂದ. ಯೇಸುವಿನ ತಾಯಿ ಮರಿಯಮ್ಮನನ್ನೂ ನಾವು ಹಾಗೇ ಕರೆಯುತ್ತೇವೆ, ಅಲ್ವಾ?)

ಮೊದಲು ಅವಳು ಯಾರು ಅಂತ ನೋಡೋಣ. ಗಲಿಲೇಯದ ಇಬಿಲ್ಲಿನ್ ಅನ್ನುವ ಹಳ್ಳಿಯಲ್ಲಿ 1846ರ ಜನವರಿ 5ರಂದು ಹುಟ್ಟಿದಳು. ನಜರೇತಿಗೂ ಹೈಫಾಕ್ಕೂ ನಡುವೆ ಇರುವ ಊರು ಅದು. ಮನೆಮಾತು ಅರಬ್ಬಿ. ಅವರದು ಮೆಲ್ಕೈಟ್ ಕುಟುಂಬ, ಅಂದರೆ ಪೂಜಾವಿಧಿಯಲ್ಲಿ ಪೂರ್ವದ ಗ್ರೀಕ್ ಸಂಪ್ರದಾಯ ಇಟ್ಟುಕೊಂಡು ಪೋಪರ ಜೊತೆ ಇರುವ ಕಥೋಲಿಕರು. ಅಪ್ಪನ ಕಸುಬು ಕೋವಿಮದ್ದು ತಯಾರಿಸುವುದು. ಬವಾರ್ದಿ ಅನ್ನುವ ಮನೆತನದ ಹೆಸರು ಬಂದದ್ದೇ 'ಬಾರೂದ್'ನಿಂದ. ಆ ಅಪ್ಪ ಅಮ್ಮನಿಗೆ ಇವಳಿಗೂ ಮೊದಲು 12 ಗಂಡುಮಕ್ಕಳು ಹುಟ್ಟಿ, ಎಲ್ಲರೂ ಎಳವೆಯಲ್ಲೇ ತೀರಿಹೋಗಿದ್ದರು. ಇಬ್ಬರೂ ಬೆತ್ಲೆಹೇಮಿಗೆ ಯಾತ್ರೆ ಹೋಗಿ ಒಂದು ಹೆಣ್ಣುಮಗು ಕೊಡು ಅಂತ ಬೇಡಿಕೊಂಡರು. ಮರಿಯಮ್ ಹುಟ್ಟಿದಳು. ಆಮೇಲೆ ತಮ್ಮ ಬುಲೋಸ್. ಅವಳಿಗೆ ಮೂರು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಹೋಗಿಬಿಟ್ಟರು. ತಮ್ಮನನ್ನು ತಾಯಿಯ ಕಡೆಯವರು ಕರಕೊಂಡು ಹೋದರು. ಇವಳನ್ನು ಚಿಕ್ಕಪ್ಪ ಸಾಕಿದರು, ಮುಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಮನೆ ಬದಲಿಸಿದಾಗ ಜೊತೆಗೆ ಕರಕೊಂಡು ಹೋದರು.

ಚಿಕ್ಕವಳಿದ್ದಾಗ ನಡೆದ ಒಂದು ಸಂಗತಿಯನ್ನು ಅವಳೇ ಮುಂದೆ ಹೇಳುತ್ತಿದ್ದಳು. ಯಾರೋ ಪುಟ್ಟ ಹಕ್ಕಿಗಳನ್ನು ತಂದುಕೊಟ್ಟರು. ಪ್ರೀತಿ ಉಕ್ಕಿ ಅವಕ್ಕೆ ಸ್ನಾನ ಮಾಡಿಸಿದಳು. ಹಕ್ಕಿಗಳು ಸತ್ತುಹೋದವು. ಅಳುತ್ತಾ ಮಣ್ಣು ಮಾಡುವಾಗ ಒಳಗಿನಿಂದ ಒಂದು ದನಿ ಕೇಳಿಸಿತಂತೆ: ಎಲ್ಲವೂ ಹೀಗೇ ಹೋಗಿಬಿಡುತ್ತೆ, ನಿನ್ನ ಮನಸ್ಸು ನನಗೆ ಕೊಟ್ಟರೆ ನಾನು ಯಾವಾಗಲೂ ನಿನ್ನ ಜೊತೆ ಇರುತ್ತೇನೆ. ಅಪ್ಪ ಅಮ್ಮನನ್ನು ಕಳಕೊಂಡ ಮಗುವಿಗೆ ಈ ಮಾತು ಎಷ್ಟು ಬೇಕಾಗಿತ್ತು ಅಂತ ಬೇರೆ ಹೇಳಬೇಕಿಲ್ಲ.

ಹನ್ನೆರಡು ದಾಟುವ ಹೊತ್ತಿಗೆ ಚಿಕ್ಕಪ್ಪ ಮದುವೆ ಗೊತ್ತು ಮಾಡಿದರು. ಅವಳು ಕೂದಲು ಕತ್ತರಿಸಿಕೊಂಡು ಬೇಡ ಅಂದಳು. ಅಲ್ಲಿಗೆ ಆ ಮನೆಯಲ್ಲಿ ಅವಳ ಸ್ಥಾನ ಕೆಲಸದವಳ ಮಟ್ಟಕ್ಕೆ ಇಳಿಯಿತು. ತಮ್ಮನಿಗೆ ಕಾಗದ ಕಳಿಸಬೇಕು ಅಂತ, ಮನೆಯಲ್ಲಿ ಹಿಂದೆ ಆಳಾಗಿದ್ದ ಒಬ್ಬನ ಹತ್ತಿರ ಹೋದಳು. ಅವನು ನಮ್ಮ ಧರ್ಮಕ್ಕೆ ಬಾ ಅಂತ ಒತ್ತಾಯ ಮಾಡಿದ. ಅವಳು ಒಪ್ಪಲಿಲ್ಲ. ಸಿಟ್ಟಿನಲ್ಲಿ ಕತ್ತಿ ಎತ್ತಿ ಕೊರಳು ಕೊಯ್ದ. ಸತ್ತಳು ಅಂತ ಬಟ್ಟೆಯಲ್ಲಿ ಸುತ್ತಿ ಒಂದು ಓಣಿಯಲ್ಲಿ ಎಸೆದರು. ಅದು 1858ರ ಸೆಪ್ಟೆಂಬರ್ 7ರ ರಾತ್ರಿ. ನಾವು ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬದ ಹಿಂದಿನ ರಾತ್ರಿ ಅನ್ನುತ್ತೇವಲ್ಲ, ಅದೇ ರಾತ್ರಿ.

ಎಚ್ಚರವಾದಾಗ ಒಂದು ಗವಿಯಲ್ಲಿ ಮಲಗಿದ್ದಳಂತೆ. ನೀಲಿ ಬಟ್ಟೆಯ ಹೆಂಗಸೊಬ್ಬಳು ಗಾಯ ಹೊಲಿದು, ಸೂಪು ಕುಡಿಸಿ, ವಾರಗಟ್ಟಲೆ ಆರೈಕೆ ಮಾಡಿದಳಂತೆ. ಆ ಹೆಂಗಸು ಮಾತೆ ಮರಿಯಳೇ ಅಂತ ಮರಿಯಮ್ ಕೊನೆಯವರೆಗೂ ನಂಬಿದ್ದಳು. ನೀವು ನಂಬಿ, ಬಿಡಿ. ಕಲೆ ಮಾತ್ರ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಫ್ರಾನ್ಸಿನಲ್ಲಿ ವೈದ್ಯರು ಅದನ್ನು ನೋಡಿದ್ದಾರೆ: ಹತ್ತು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ, ಕೊರಳಿಗೆ ಅಡ್ಡಲಾಗಿ. ಉಸಿರುನಾಳದ ಕೆಲವು ಉಂಗುರಗಳೇ ಇರಲಿಲ್ಲ. ಅಂದಿನಿಂದ ಅವಳ ದನಿ ಒಡಕಾಯಿತು. ಮಂಗಳೂರಿನ ಮಠದಲ್ಲಿ ಜಪ ಹೇಳಿದ್ದು ಆ ಒಡಕು ದನಿಯಲ್ಲೇ.

ಆಮೇಲೆ ಕೆಲವು ವರ್ಷ ಮನೆಗೆಲಸ. ಅಲೆಕ್ಸಾಂಡ್ರಿಯ, ಯೆರೂಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇ. ಅಲ್ಲಿ 1865ರಲ್ಲಿ ಸಂತ ಜೋಸೆಫರ ಸಿಸ್ಟರುಗಳ ಸಭೆ ಸೇರಿದಳು. ಪ್ರಾರ್ಥನೆಯ ನಡುವೆ ಮೈಮರೆಯುವುದು, ಕೈಕಾಲಿನಲ್ಲಿ ಯೇಸುವಿನ ಗಾಯಗಳಂಥ ಗುರುತು ಮೂಡುವುದು ಎಲ್ಲ ಶುರುವಾದದ್ದು ಅಲ್ಲೇ. ಇಂಥವಳು ನಮಗೆ ಬೇಡ ಅಂತ ಆ ಸಭೆಯವರು ಅವಳನ್ನು ಮುಂದಕ್ಕೆ ತಗೊಳ್ಳಲಿಲ್ಲ. ಆಗ ಕೈಹಿಡಿದವರು ಅವಳ ಗುರುವಾಗಿದ್ದ ಮದರ್ ವೆರೋನಿಕಾ. 1867ರಲ್ಲಿ ಇಬ್ಬರೂ ಒಟ್ಟಿಗೆ ಪೋ ಅನ್ನುವ ಊರಿನ ಕಾರ್ಮೆಲ್ ಮಠಕ್ಕೆ, ಅಂದರೆ ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಇರುವ ಸಿಸ್ಟರುಗಳ ಏಕಾಂತ ಮಠಕ್ಕೆ ಹೋದರು.

ಈ ವೆರೋನಿಕಾ ಯಾರು ಗೊತ್ತಾ? ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ. ಮಂಗಳೂರಿನ ಸಂತ ಆನ್ ಶಾಲೆ, ಸಂತ ಆಗ್ನೆಸ್ ಕಾಲೇಜು ನಡೆಸುವ ಅದೇ ಸಿಸ್ಟರುಗಳ ಸಭೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಜ್ಜಿ, ಅಮ್ಮ, ಮಗಳು ಮೂರು ತಲೆಮಾರು ಅವರ ಹತ್ತಿರ ಓದಿದ್ದಾರೆ. ನಿಮ್ಮ ಅತ್ತೆಯೂ ಅಲ್ಲೇ ಓದಿರಬಹುದು, ಕೇಳಿ ನೋಡಿ. ಎಲ್ಲರೂ ಬೇಡ ಅಂದ ಮರಿಯಮ್‌ಳನ್ನು ನಂಬಿ ಮಠಕ್ಕೆ ಕರಕೊಂಡು ಹೋದವರು ಅವರದೇ ಶಾಲೆಯ ಮೂಲತಾಯಿ.

ಇನ್ನು ಮಂಗಳೂರಿನ ವಿಷಯ. ಆಗ ಇಲ್ಲಿಯ ಬಿಷಪ್ ಆಗಿದ್ದವರು ಮರಿ ಎಫ್ರೆಮ್. ಅವರೂ ಕಾರ್ಮೆಲ್ ಸಭೆಯವರೇ. ಇಲ್ಲಿ ಒಂದು ಏಕಾಂತ ಮಠ ಬೇಕು, ಹೆಣ್ಣುಮಕ್ಕಳಿಗೆ ಶಾಲೆಯೂ ಬೇಕು ಅಂತ ಅವರ ಆಸೆ. ಅವರ ಕರೆಗೆ ಓಗೊಟ್ಟು 1870ರ ಆಗಸ್ಟ್‌ನಲ್ಲಿ ಫ್ರಾನ್ಸಿನಿಂದ ಸಿಸ್ಟರುಗಳ ತಂಡ ಹೊರಟಿತು. ಕೆಲವರು ಏಕಾಂತ ಮಠಕ್ಕೆ, ಮೂವರು ಶಾಲೆಯ ಕೆಲಸಕ್ಕೆ. ಪ್ರಯಾಣ ಬಹಳ ಕಷ್ಟದ್ದು. ಏಕಾಂತ ಮಠಕ್ಕೆ ಬರಬೇಕಾಗಿದ್ದವರಲ್ಲಿ ಮೂವರು ದಾರಿಯಲ್ಲೇ ತೀರಿಹೋದರು. ಉಳಿದವರು ನವೆಂಬರ್‌ನಲ್ಲಿ ಮಂಗಳೂರು ಮುಟ್ಟಿದಾಗ ಹೇಗಿದ್ದಿರಬೇಕು, ಯೋಚಿಸಿ. ಸೆಕೆ, ಹೊಸ ಊಟ, ಹೊಸ ಭಾಷೆ, ಸಮುದ್ರದಲ್ಲೂ ಅನ್ಯನೆಲದಲ್ಲೂ ಬಿಟ್ಟುಬಂದ ಗೆಳತಿಯರು. ಈ ಹಿನ್ನೆಲೆ ಮರೆತರೆ ಮುಂದೆ ಆದದ್ದು ಅರ್ಥವಾಗುವುದಿಲ್ಲ.

ಮೊದಮೊದಲು ಎಲ್ಲ ಸರಿಯಾಗೇ ಇತ್ತು. ಮರಿಯಮ್‌ಗೆ ಓದು ಬರಹ ಬರುತ್ತಿರಲಿಲ್ಲ. ಫ್ರೆಂಚ್ ಕಿವಿಯಿಂದ ಕಲಿತದ್ದು. ಹಾಗಾಗಿ ಅಡುಗೆಮನೆ, ಬಟ್ಟೆ ಒಗೆಯುವುದು, ತೋಟ ಇವೇ ಅವಳಿಗೆ ಹಿಡಿಸಿದ ಕೆಲಸಗಳು. ಆ ಅಡುಗೆಮನೆಯಲ್ಲೇ ಅವಳು ಮೈಮರೆತು ನಿಂತದ್ದನ್ನು, ಮುಖ ಬೆಳಗುತ್ತಿದ್ದದ್ದನ್ನು ಜೊತೆಯವರು ಕಂಡರು. ಆಮೇಲೆ ಕತ್ತಲೆಯ ದಿನಗಳು ಬಂದವು. ಹೊರಗಿನಿಂದ ಏನೋ ಹಿಡಿದು ಅಲ್ಲಾಡಿಸಿದ ಹಾಗೆ ಯಾತನೆ ಪಡುತ್ತಿದ್ದಳು. ಇಂಥದ್ದು 1868ರಲ್ಲಿ ಪೋ ಮಠದಲ್ಲೂ 40 ದಿನ ನಡೆದಿತ್ತು. ಅಲ್ಲಿಯವರು ಅದನ್ನು ಪರೀಕ್ಷೆಯ ಕಾಲ ಅಂತ ತಿಳಿದು ಜೊತೆಗೆ ನಿಂತರು. ಮಂಗಳೂರಿನಲ್ಲಿ ಹಾಗಾಗಲಿಲ್ಲ. ಇದು ದೇವರಿಂದ ಬಂದದ್ದಾ, ದೆವ್ವದ್ದಾ, ಬರೀ ಅವಳ ಕಲ್ಪನೆಯಾ ಅಂತ ಮಠ ಒಡೆದುಹೋಯಿತು. ಹಾಗಿದ್ದೂ 1871ರ ನವೆಂಬರ್ 21ರಂದು ಅವಳಿಗೆ ವ್ರತ ಕೊಟ್ಟರು. ಶಿಲುಬೆಗೇರಿದ ಯೇಸುವಿನ ಹೆಸರು ಹೊತ್ತ ಸಿಸ್ಟರ್ ಆಗಿ ಅವಳು ದೇವರಿಗೆ ಬದುಕಿಡೀ ನಿನ್ನವಳು ಅಂತ ಮಾತು ಕೊಟ್ಟದ್ದು ನಮ್ಮ ಮಂಗಳೂರಿನಲ್ಲಿ! ಆದರೆ ಒಳಗಿನ ಬಿರುಕು ಮುಚ್ಚಲಿಲ್ಲ. ಬಿಷಪ್ಪರ ವಿಶ್ವಾಸವೂ ಹೋಯಿತು. 1872ರಲ್ಲಿ ಅವಳನ್ನು ಪೋ ಮಠಕ್ಕೆ ಕಳಿಸಿದರು. ಮರುವರ್ಷವೇ ಬಿಷಪ್ಪರು ತೀರಿಕೊಂಡರು.

ಬಿಷಪ್ಪರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅನುಮಾನ ಪಡುವುದು ಅವರ ಕೆಲಸದ ಭಾಗವೇ. ಫ್ರಾನ್ಸಿನ ಲೂರ್ದಿನಲ್ಲಿ ಬೆರ್ನದೆತ್ ಅನ್ನುವ ಹುಡುಗಿಗೆ ಮಾತೆ ಮರಿಯಳ ದರ್ಶನವಾದದ್ದು 1858ರಲ್ಲಿ. ಅದೇ ವರ್ಷ ಅದೇ ಊರಿನಲ್ಲಿ ನನಗೂ ದರ್ಶನ, ನನಗೂ ದರ್ಶನ ಅಂತ ಎಷ್ಟೋ ಜನ ಎದ್ದು ಚರ್ಚಿಗೆ ತಲೆನೋವಾಗಿತ್ತು. ಪೋ ಊರು ಲೂರ್ದಿಗೆ ಹತ್ತಿರವೇ. ಮೇಲಾಗಿ, ಬಿಷಪ್ಪರು ಕಾರ್ಮೆಲಿನವರು. ದರ್ಶನ, ದನಿ ಇಂಥವಕ್ಕೆ ಅಂಟಿಕೊಳ್ಳಬೇಡಿ, ನಿಜವಾದದ್ದೇ ಆದರೂ ಅಂಟಿಕೊಳ್ಳಬೇಡಿ ಅಂತ ಅವರ ಸಭೆಯ ಗುರು, ಶಿಲುಬೆಯ ಸಂತ ಯೋವಾನ್ನರು, 16ನೇ ಶತಮಾನದಲ್ಲೇ ಕಲಿಸಿದ್ದರು. ಹಾಗಾಗಿ ಅವರು ಸಂಶಯ ಪಟ್ಟದ್ದು ತಪ್ಪಲ್ಲ. ತಪ್ಪಾದದ್ದು ಎಲ್ಲಿ ಅಂದರೆ, ಆ ಗಲಾಟೆಯ ನಡುವೆ ಆ ಹುಡುಗಿ ದಿನವಿಡೀ ಏನು ಮಾಡುತ್ತಿದ್ದಾಳೆ ಅಂತ ನೋಡುವುದು ಬಿಟ್ಟುಹೋಯಿತು. ಇನ್ನೊಂದನ್ನೂ ಮರೆಯಬಾರದು. ಓದು ಬಾರದ, ಬೇರೆ ದೇಶದ, ಕೆಲಸದವಳಾಗಿದ್ದ ಹುಡುಗಿ ಅವಳು. ಫ್ರೆಂಚ್ ಸಿಸ್ಟರುಗಳು ಪ್ರೀತಿಯಿಂದಲೇ 'ಪುಟ್ಟ ಅರಬ್' ಅಂತ ಕರೆಯುತ್ತಿದ್ದರು. ತನ್ನ ಪರವಾಗಿ ವಾದ ಮಾಡುವಷ್ಟು ಮಾತು ಅವಳ ಹತ್ತಿರ ಇರಲಿಲ್ಲ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಕಾಯಿಲೆ ಇತ್ತಾ? ನೂರೈವತ್ತು ವರ್ಷದ ಹಿಂದಿನ ಒಬ್ಬಳ ಮನಸ್ಸಿಗೆ ಇಲ್ಲಿ ಕೂತು ಕಾಯಿಲೆಯ ಹೆಸರು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅವಳ ಕಾಲದಲ್ಲೇ ಪ್ಯಾರಿಸಿನ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯ ಶಾರ್ಕೋ ಇಂಥ ಹೆಂಗಸರನ್ನೆಲ್ಲ 'ಹಿಸ್ಟೀರಿಯ' ಅನ್ನುವ ಒಂದೇ ಚೀಲಕ್ಕೆ ಹಾಕುತ್ತಿದ್ದರು. ಆ ಚೀಲವನ್ನು ಇಂದಿನ ವೈದ್ಯರೇ ಬಿಸಾಡಿದ್ದಾರೆ. ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಮೂರು ವರ್ಷಕ್ಕೆ ತಬ್ಬಲಿ, ಹನ್ನೆರಡಕ್ಕೆ ಕೊರಳು ಕೊಯ್ಸಿಕೊಂಡವಳು. ಅವಳ ಮನಸ್ಸಿಗೆ ಗಾಯವೇ ಆಗಿರಲಿಲ್ಲ ಅಂತ ಯಾರು ಹೇಳಿಯಾರು? ಗಾಯಗೊಂಡ ಮನಸ್ಸಿಗೆ ದೇವರು ಹತ್ತಿರವಾಗುವುದಿಲ್ಲ ಅಂತ ಯಾವ ಧರ್ಮಬೋಧನೆಯಲ್ಲೂ ಇಲ್ಲ. ಎರಡೂ ಒಬ್ಬಳಲ್ಲೇ ಇರಬಹುದು.

ಜನರ ಕಣ್ಣು ಸೆಳೆಯಲು ನಾಟಕ ಮಾಡಿದಳಾ ಅಂತ ಕೇಳುವವರಿಗೆ ನಾನು ಯಾವಾಗಲೂ ಎರಡು ಸಣ್ಣ ಸಂಗತಿ ಹೇಳುತ್ತೇನೆ. ಗಾಯಗಳು ಮೂಡಿದಾಗ ಅವಳು ಅದನ್ನು ಏನೋ ರೋಗ ಅಂತ ತಿಳಿದು ಮುಚ್ಚಿಟ್ಟುಕೊಂಡಳು. ಇದು ಹೋಗಲಿ ಅಂತ ಬೇಡಿಕೊಂಡಳು. ಮೈಮರೆತದ್ದಕ್ಕೆ ಅವಳು ಇಟ್ಟ ಹೆಸರು 'ನಿದ್ದೆ'. ಪ್ರಾರ್ಥನೆಗೆ ಕೂತರೆ ತೂಕಡಿಸಿ ಬಿಡುತ್ತೇನೆ, ನಾನೆಂಥ ಸೋಮಾರಿ ಅಂತ ತನ್ನನ್ನೇ ಬಯ್ದುಕೊಳ್ಳುತ್ತಿದ್ದಳು. ತಾನು ಸಂತಳು ಅಂತ ತೋರಿಸಿಕೊಳ್ಳಲು ಹೊರಟವರು ನಿದ್ದೆ ಬಂತು ಅನ್ನುತ್ತಾರಾ?

ಪೋ ಮಠಕ್ಕೆ ಮರಳಿದ ಮೇಲೆ 1873-74ರಲ್ಲಿ ಇನ್ನೂ ವಿಚಿತ್ರದ್ದು ನಡೆಯಿತು. ತೋಟದ ದೊಡ್ಡ ಮರದ ತುದಿಯಲ್ಲಿ, ಹಕ್ಕಿಯಷ್ಟೇ ತಡೆಯುವ ಕೊಂಬೆಯ ಮೇಲೆ ಅವಳು ಕೂತಿದ್ದನ್ನು ಸಿಸ್ಟರುಗಳು ನೋಡಿದ್ದಾಗಿ ಹೇಳಿದ್ದಾರೆ. ಎಂಟು ಸಲ ಅಂತ ಲೆಕ್ಕ ಇಟ್ಟಿದ್ದಾರೆ. ಮರ ಏರಿದ್ದು ಹೇಗೆ ಅನ್ನುವುದಕ್ಕಿಂತ ಇಳಿದದ್ದು ಹೇಗೆ ಅನ್ನುವುದು ನನಗೆ ಮುಖ್ಯ. ಮಠದ ಮದರ್ ಕೆಳಗೆ ನಿಂತು, ವಿಧೇಯತೆಯಿಂದ ಇಳಿದು ಬಾ ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಕೂಡಲೇ ಇಳಿದು ಬರುತ್ತಿದ್ದಳು. ಮಠದವರು ಅವಳನ್ನು ತೂಗಿ ನೋಡಿದ ತಕ್ಕಡಿ ಇದೇ. ತನ್ನ ದರ್ಶನಕ್ಕೆ ಅಂಟಿಕೊಂಡು ಹಿರಿಯರ ಮಾತು ಮೀರುವವರ ಬಗ್ಗೆ ಚರ್ಚಿಗೆ ಯಾವಾಗಲೂ ಭಯ. ಇವಳು ಕರೆದರೆ ಬರುತ್ತಿದ್ದಳು. ಮಂಗಳೂರಿನಿಂದ ಹೋಗು ಅಂದಾಗಲೂ ಹೋದಳು.

"ಹಾಗಾದರೆ ಸಂತರಾದದ್ದು ಹೇಗೆ" ಅಂತ ಕೇಳಿದ್ದೀರಿ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಒಬ್ಬರನ್ನು ಸಂತರು ಅಂತ ಸಾರಿದಾಗ ಅವರ ದರ್ಶನ, ಗಾಯ, ಗಾಳಿಯಲ್ಲಿ ತೇಲಿದ್ದು ಇದಕ್ಕೆಲ್ಲ ಚರ್ಚು ಮುದ್ರೆ ಒತ್ತಿದ ಹಾಗಲ್ಲ. ಅವನ್ನು ನಂಬಲೇಬೇಕು ಅಂತ ನಿಮಗಾಗಲಿ ನನಗಾಗಲಿ ಕಟ್ಟಳೆ ಇಲ್ಲ. 18ನೇ ಶತಮಾನದಲ್ಲಿ ಪೋಪ್ 14ನೇ ಬೆನೆಡಿಕ್ಟರು ಈ ವಿಚಾರಣೆಯ ಕ್ರಮವನ್ನು ಬಿಡಿಸಿ ಬರೆದಿಟ್ಟಿದ್ದಾರೆ. ಅದರಲ್ಲಿ ತೂಗುವುದು ಬದುಕನ್ನು. ನಂಬಿಕೆ, ಪ್ರೀತಿ, ತಾಳ್ಮೆ, ತಗ್ಗಿ ನಡೆಯುವುದು ಇವೆಲ್ಲ ಸಾಮಾನ್ಯ ಮಟ್ಟ ಮೀರಿ ಇದ್ದವಾ ಅಂತ ಕೇಳುತ್ತಾರೆ. ಆಮೇಲೆ ಅವರ ಪ್ರಾರ್ಥನೆಯಿಂದ ಆದ ಪವಾಡವನ್ನು ಬೇರೆಯಾಗಿ ಪರೀಕ್ಷೆ ಮಾಡುತ್ತಾರೆ. ದೆವ್ವದ ಕಾಟ ಇತ್ತು ಅನ್ನುವುದೂ ಅಡ್ಡಿಯಲ್ಲ, ಕಾಟ ಪಡುವುದು ಪಾಪ ಅಲ್ಲವಲ್ಲ. ನಿಮ್ಮ ಅತ್ತೆಗೆ ಮುಖ್ಯವಾಗಿ ಹೇಳಬೇಕಾದದ್ದು ಇದು: ಮಂಗಳೂರಿನ ಈ ಕಹಿ ಪ್ರಕರಣವನ್ನು ಯಾರೂ ಮುಚ್ಚಿಟ್ಟಿಲ್ಲ. ರೋಮ್ ಪ್ರಕಟಿಸಿದ ಅವಳ ಜೀವನ ಚರಿತ್ರೆಯಲ್ಲೇ ಅದು ಇದೆ. ಎಲ್ಲ ಗೊತ್ತಿದ್ದೇ 1983ರ ನವೆಂಬರ್ 13ರಂದು ಪೋಪ್ ಎರಡನೇ ಜಾನ್ ಪಾಲರು ಅವಳನ್ನು ಪುನೀತಳು ಅಂತ ಸಾರಿದರು, ಅದು ಸಂತ ಪದವಿಗೆ ಹಿಂದಿನ ಮೆಟ್ಟಿಲು. 2015ರ ಮೇ 17ರಂದು ಪೋಪ್ ಫ್ರಾನ್ಸಿಸರು ಸಂತಳು ಅಂದರು. ಅದೇ ದಿನ ಯೆರೂಸಲೇಮಿನ ಮರಿ ಅಲ್ಫೋನ್ಸಿನ್ ಘತ್ತಾಸ್ ಕೂಡ ಸಂತರಾದರು. ಪ್ಯಾಲೆಸ್ಟೈನಿನ ಜನ ಆ ದಿನ ಎಷ್ಟು ಸಂಭ್ರಮಪಟ್ಟರು ಅಂತ ಹೇಳತೀರದು.

ಅವಳ ಬದುಕಿನ ಕೊನೆಯ ಮೂರು ವರ್ಷ ನನಗೆ ಎಲ್ಲಕ್ಕಿಂತ ಪ್ರಿಯ. 1875ರಲ್ಲಿ ಬೆತ್ಲೆಹೇಮಿನಲ್ಲಿ ಹೊಸ ಕಾರ್ಮೆಲ್ ಮಠ ಕಟ್ಟಲು ಪೋ ಮಠದಿಂದ ಸಿಸ್ಟರುಗಳು ಹೊರಟರು. ದುಡ್ಡು ಕೊಟ್ಟವರು ಪೋ ಊರಿನ ಬೆರ್ತ್ ದಾರ್ತಿಗೋ ಎಂಬ ಮಹಿಳೆ. ಜೊತೆಗೆ ಮರಿಯಮ್ ಕೂಡ. ಅಪ್ಪ ಅಮ್ಮ ಬಂದು ಮಗುವಿಗಾಗಿ ಬೇಡಿಕೊಂಡ ಅದೇ ಊರು! ಆ ಗುಂಪಿನಲ್ಲಿ ಅರಬ್ಬಿ ಬರುತ್ತಿದ್ದದ್ದು ಇವಳೊಬ್ಬಳಿಗೆ. ಹಾಗಾಗಿ ಕಟ್ಟಡದ ಮೇಲ್ವಿಚಾರಣೆ ಇವಳ ಹೆಗಲಿಗೆ ಬಿತ್ತು. ಮಂಗಳೂರಿನಲ್ಲಿ ತಲೆ ಸರಿಯಿಲ್ಲ ಅನ್ನಿಸಿಕೊಂಡವಳು ಇಲ್ಲಿ ಕಲ್ಲುಕುಟಿಗರ ಜೊತೆ ವ್ಯವಹಾರ ಮಾಡಿದಳು, ಗೋಡೆ ಎಬ್ಬಿಸಿದಳು. 1876ರಲ್ಲಿ ಕೆಲಸ ಶುರು, ಅದೇ ವರ್ಷದ ನವೆಂಬರ್‌ನಲ್ಲಿ ಸಿಸ್ಟರುಗಳು ಒಳಗೆ ಬಂದರು. ಗುಂಡಗಿನ ಗೋಪುರದಂಥ ಆ ಮಠ ಈಗಲೂ ಬೆತ್ಲೆಹೇಮಿನ ಗುಡ್ಡದ ಮೇಲೆ ಇದೆ.

ಓದು ಬಾರದವಳು ಹಾಡುಗಳನ್ನೂ ಕಟ್ಟಿದಳು. ಮೈಮರೆತಾಗ ಅವಳ ಬಾಯಿಂದ ಬಂದದ್ದನ್ನು ಜೊತೆಯವರು ಬರೆದಿಟ್ಟುಕೊಂಡರು. ಪವಿತ್ರಾತ್ಮನಿಗೆ ಮಾಡಿದ ಅವಳ ಪುಟ್ಟ ಪ್ರಾರ್ಥನೆ ಇಂದಿಗೂ ಕಾರ್ಮೆಲ್ ಮಠಗಳಲ್ಲಿ ಕೇಳುತ್ತದೆ. ತನ್ನನ್ನು 'ಪುಟ್ಟ ಸೊನ್ನೆ' ಅಂತ ಕರೆದುಕೊಳ್ಳುತ್ತಿದ್ದಳು. ನರಕದಲ್ಲಿ ಎಲ್ಲ ಸದ್ಗುಣಗಳೂ ಸಿಗುತ್ತವೆ, ತಗ್ಗುವ ಗುಣ ಒಂದನ್ನು ಬಿಟ್ಟು. ಸ್ವರ್ಗದಲ್ಲಿ ಎಲ್ಲ ಕುಂದುಗಳೂ ಸಿಗುತ್ತವೆ, ಜಂಬ ಒಂದನ್ನು ಬಿಟ್ಟು ಅನ್ನುವ ಅರ್ಥದ ಅವಳ ಮಾತೊಂದಿದೆ. ಈ ಮಾತು ಹೇಳಿದವಳ ತಲೆ ಸರಿಯಿರಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ.

1878ರ ಆಗಸ್ಟ್. ಬೆತ್ಲೆಹೇಮಿನ ಬಿಸಿಲು. ತೋಟದಲ್ಲಿ ಕೆಲಸ ಮಾಡುತ್ತಿದ್ದ ಆಳುಗಳಿಗೆ ಕುಡಿಯಲು ನೀರು ತಗೊಂಡು ಹೊರಟಳು. ಎರಡು ಕೈಯಲ್ಲಿ ಎರಡು ಬಕೆಟ್. ಮೆಟ್ಟಿಲಿನ ಮೇಲೆ ಕಾಲು ತಪ್ಪಿ ಬಿದ್ದಳು. ಎಡಗೈ ಮುರಿಯಿತು. ಗಾಯ ಕೊಳೆತು ವಿಷವೇರಿತು. ನಾಲ್ಕೇ ದಿನ. 26ನೇ ತಾರೀಕು ಬೆಳಗಿನ ಜಾವ ಹೋಗಿಬಿಟ್ಟಳು. ಆಗ ಅವಳಿಗೆ 32 ವರ್ಷ.

ಮಗಳಿಗೆ ಆ ಹೆಸರು ಧಾರಾಳವಾಗಿ ಇಡಿ. ಯಾವ ತೊಡಕೂ ಇಲ್ಲ. ಅತ್ತೆಯ ಜೊತೆ ಜಗಳ ಮಾತ್ರ ಬೇಡ. ಅವರು ಕೇಳಿಸಿಕೊಂಡದ್ದನ್ನೇ ಹೇಳುತ್ತಿದ್ದಾರೆ, ಸುಮ್ನೆ ಕಟ್ಟಿ ಹೇಳಿದ್ದಲ್ಲ. ಮರ, ಗಾಯ, ದೆವ್ವ ಇವನ್ನೆಲ್ಲ ಆಮೇಲೆ ಮಾತಾಡಬಹುದು. ಮೊದಲು ಮದರ್ ವೆರೋನಿಕಾರ ವಿಷಯ ತೆಗೆಯಿರಿ. ಆಮೇಲೆ ಆ ಎರಡು ಬಕೆಟ್ ನೀರಿನ ಕಥೆಯನ್ನು ಮಗಳ ಬಾಯಿಂದಲೇ ಅಜ್ಜಿಗೆ ಹೇಳಿಸಿ.